ಶಿರೆ ಕಣಿವೆಯ ಸುಳ್ಳು ದಿಬ್ಬಗಳು

ನಕ್ಷೆಗಳೆಲ್ಲ ಮುದ್ರಣಾಲಯಕ್ಕೆ ಹೋದ ದಿನ ನನಗೆ ಹೇಳತೀರದ ಖುಷಿ. ಕೋಬೆ ಬಂದರಿನ ಎದುರಿಗಿರುವ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ನೆರೆ ನಕ್ಷೆಗಳ ಕೆಲಸ ಮಾಡುತ್ತೇನೆ. ಆ ಸಲ ನಮ್ಮ ಪಾಲಿಗೆ ಬಂದಿದ್ದು ಆಫ್ರಿಕಾದ ಆಗ್ನೇಯದಲ್ಲಿರುವ ಮಲಾವಿ. ಅಲ್ಲಿನ ಶಿರೆ ನದಿಯ ಕೆಳಕಣಿವೆಯ ಒಂದೊಂದು ಹಳ್ಳಿಗೂ ಒಂದೊಂದು ದೊಡ್ಡ ಹಾಳೆ ಮಾಡಬೇಕಿತ್ತು. ನೀರು ಯಾವ ಕಡೆಯಿಂದ ನುಗ್ಗುತ್ತದೆ, ಜನ ಯಾವ ಕಡೆಗೆ ಓಡಬೇಕು, ಇಷ್ಟೇ ಅದರಲ್ಲಿ ಇರಬೇಕಾದದ್ದು. ಶಾಲೆಯ ಗೋಡೆಗೆ, ಊರಿನ ಮುಖ್ಯಸ್ಥರ ಮನೆಗೆ ಅಂಟಿಸುವುದಕ್ಕೆಂದು ನೀರಲ್ಲಿ ನೆನೆಯದ ಹಾಳೆಯಲ್ಲಿ ಮುದ್ರಿಸಿ, ಅಲ್ಲಿ ಮಳೆಗಾಲ ಹಿಡಿಯುವ ಮೊದಲು ವಿಮಾನದಲ್ಲಿ ಕಳಿಸಬೇಕಿತ್ತು.

ಮಲಾವಿ ಉದ್ದಕ್ಕೆ ಹರಿದ ಪಂಚೆಯ ಅಂಚಿನಂಥ ದೇಶ. ಅದರ ಪಕ್ಕಕ್ಕೇ ಅಂಟಿಕೊಂಡು ಸಮುದ್ರದಷ್ಟು ದೊಡ್ಡ ಸರೋವರ. ಆ ಸರೋವರದ ತೆಂಕಣ ತುದಿಯಿಂದ ಶಿರೆ ನದಿ ಹೊರಡುತ್ತದೆ, ಬಂಡೆಗಳ ಮೇಲಿಂದ ಧುಮುಕುತ್ತದೆ, ಧುಮುಕುವಲ್ಲಿ ದೇಶಕ್ಕೆ ಕರೆಂಟು ಕೊಡುತ್ತದೆ, ಆಮೇಲೆ ಸಪಾಟು ಬಯಲಿಗೆ ಬಂದು ಸುಸ್ತಾಗಿ ಮಲಗುತ್ತದೆ. ಮೊಜಾಂಬಿಕ್ ಕಡೆಯಿಂದ ಚಂಡಮಾರುತ ಬಂತೆಂದರೆ ಆ ಬಯಲಿನಲ್ಲಿ ನೀರು ಯಾವ ದಿಕ್ಕಿಗೆ ಹರಿಯಬೇಕೆಂದು ತಿಳಿಯದೆ ಎಲ್ಲ ದಿಕ್ಕಿಗೂ ಹರಡುತ್ತದೆ. ಹಾಗಾದರೆ ಜನ ಅಲ್ಲಿ ಯಾಕಾದರೂ ಇರುತ್ತಾರೆ ಎಂದು ಮೊದಲು ನಾನೂ ಕೇಳಿದ್ದೆ. ಮಳೆ ನಂಬಿ ಬಿತ್ತಿದ ಮುಸುಕಿನ ಜೋಳ ಕೈಕೊಟ್ಟ ವರ್ಷ, ನದಿ ಹಿಂದೆ ಸರಿದು ಬಿಟ್ಟುಹೋದ ಹಸಿ ಮಣ್ಣಿನಲ್ಲಿ ಇನ್ನೊಂದು ಬೆಳೆ ಬರುತ್ತದೆ. ಹತ್ತಿ ಮಾರಿದ ದುಡ್ಡು ಸಾಲದಾದಾಗ ಹೊಟ್ಟೆ ತುಂಬಿಸುವುದು ಆ ಮಣ್ಣೇ. ಅದನ್ನು ಬಿಟ್ಟು ಮೇಲೆ ಹೋಗಿ ಎಂದು ಕೋಬೆಯಲ್ಲಿ ಕೂತು ಹೇಳುವುದಕ್ಕೆ ನಾನ್ಯಾರು?

ಅವರನ್ನು ಅಲ್ಲಿಂದ ಎಬ್ಬಿಸುವುದು ನಮ್ಮ ಕೆಲಸವಲ್ಲ, ಎತ್ತರದ ಜಾಗ ಹುಡುಕುವುದು ನಮ್ಮ ಕೆಲಸ. ಶಾಲೆ, ಚರ್ಚು ಇರುವ ಊರುಗಳಲ್ಲಿ ಅಲ್ಲಿನ ಇಲಾಖೆಯವರೇ ಹೋಗಿ ನೋಡಿ ಬಂದಿದ್ದರು. ಏನೂ ಇಲ್ಲದ ಊರುಗಳಿಗೆ ನಾವು ಉಪಗ್ರಹದ ಎತ್ತರದ ಮಾಹಿತಿ ತೆಗೆದುಕೊಂಡು ಒಂದು ಪ್ರೋಗ್ರಾಂ ಓಡಿಸಿದೆವು. ಸುತ್ತಲಿನ ನೆಲಕ್ಕಿಂತ ನಾಲ್ಕೈದು ಮೀಟರ್ ಎತ್ತರ ಇರಬೇಕು, ಮನೆ ಇರಬಾರದು, ಹೊಲ ಇರಬಾರದು, ಮಕ್ಕಳು ಮುದುಕರು ನಡೆದು ತಲುಪುವಷ್ಟು ಹತ್ತಿರ ಇರಬೇಕು. ಇಷ್ಟು ಷರತ್ತು ಹಾಕಿ ಬಟನ್ ಒತ್ತಿದರೆ ಊರಿಗೊಂದರಂತೆ ಮುದ್ದಾದ ಪುಟ್ಟ ಪುಟ್ಟ ದಿಬ್ಬಗಳು ಎದ್ದು ಬಂದವು. ನನ್ನ ಜೊತೆ ಕೆಲಸ ಮಾಡುವ ಮೈಸೂರಿನ ಸಂಶೋಧಕಿ, ನನಗಿಂತ ಹತ್ತು ವರ್ಷ ಚಿಕ್ಕವಳು, "ಅಕ್ಕ, ದೇವರೇ ಕೈಯಾರೆ ಒಂದೊಂದು ಊರಿಗೆ ಒಂದೊಂದು ದಿಬ್ಬ ಇಟ್ಟಂಗಿದೆ ನೋಡಿ" ಎಂದಿದ್ದಳು. ಆಗಲೇ ಅನುಮಾನ ಬರಬೇಕಿತ್ತು. ದೇವರು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಕೇಂದ್ರಕ್ಕೆ ಆ ವರ್ಷ ಮಲಾವಿಯಿಂದಲೇ ಒಬ್ಬ ಅಧಿಕಾರಿ ತರಬೇತಿಗೆ ಬಂದಿದ್ದರು. ವಿಕೋಪ ಪರಿಹಾರ ಇಲಾಖೆಯವರು, ಕೆಳಕಣಿವೆಯಲ್ಲೇ ಹುಟ್ಟಿದವರು. ಅವರ ಅಕ್ಕ ಇನ್ನೂ ಅಲ್ಲೇ ನದಿಯಂಚಿನ ಹಳ್ಳಿಯಲ್ಲಿ ಇದ್ದರು. ಅಲ್ಲಿ ಗಂಡನೇ ಹೆಂಡತಿಯ ಊರಿಗೆ ಬಂದು ಸಂಸಾರ ಹೂಡುವುದು, ಹೊಲ ಮನೆ ಎರಡೂ ಹೆಂಗಸಿನದು. ಹಾಗಾಗಿ ಅಕ್ಕ ಅಂದರೆ ಈ ಅಧಿಕಾರಿಗೆ ಹುಟ್ಟೂರು, ತವರು, ಯಜಮಾನಿಕೆ ಎಲ್ಲಾ ಸೇರಿ. ಒಂದು ಭಾನುವಾರ ಇವರು ನಮ್ಮಿಬ್ಬರನ್ನು ತಮ್ಮ ಹಾಸ್ಟೆಲಿಗೆ ಊಟಕ್ಕೆ ಕರೆದು ಬಿಳಿ ಮುಸುಕಿನ ಜೋಳದ ಹಿಟ್ಟು ಕುದಿಸಿ ತೊಳಸಿ ಉಂಡೆ ಕಟ್ಟಿ ಕೊಟ್ಟಿದ್ದರು. ಥೇಟ್ ಮುದ್ದೆ! ನಾನು ಮುರಿದು ಸಾರಲ್ಲಿ ಅದ್ದಿ ನುಂಗಿದ್ದು ನೋಡಿ, ಇವಳು ನಮ್ಮವಳೇ ಎಂದು ಅವರಿಗೆ ನನ್ನ ಮೇಲೆ ವಿಶ್ವಾಸ ಬಂತು.

ಕಡತ ಕಳಿಸಿದ ದಿನ ಮಧ್ಯಾಹ್ನ ನಾನು ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ಅನ್ನದುಂಡೆ ತಂದು ತಿನ್ನುತ್ತಾ, ಅವರ ಅಕ್ಕನ ಊರಿನ ಕರಡು ಹಾಳೆಯನ್ನು ಅವರ ಮುಂದೆ ಬಿಡಿಸಿದೆ. ಸಭೆಗಳಲ್ಲಿ ಅವರು ಇಡೀ ಜಿಲ್ಲೆಯ ನಕ್ಷೆ ನೋಡಿದ್ದರೇ ಹೊರತು ಇಷ್ಟು ಹತ್ತಿರದಿಂದ ಒಂದೇ ಊರನ್ನು ನೋಡಿರಲಿಲ್ಲ. ಅವರು ಬೆರಳಿಟ್ಟು ಹೊಳೆ, ಮಾವಿನ ಮರ, ಅಕ್ಕನ ಮನೆ ಗುರುತು ಹಿಡಿದರು. ಬೆರಳು ಹಸಿರು ಬಣ್ಣ ಹಾಕಿದ್ದ ಆಶ್ರಯ ತಾಣದ ಮೇಲೆ ಬಂದು ನಿಂತಿತು.

"ಚೆನ್ನಾಗಿದೆ ಮೇಡಂ," ಎಂದರು. ಹಾಳೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟರು.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರು ನನ್ನ ಮೇಜಿನ ಹತ್ತಿರ ನಿಂತಿದ್ದರು. ಕಣ್ಣು ನೋಡಿದರೆ ನಿದ್ದೆ ಮಾಡಿದಂತಿರಲಿಲ್ಲ.

"ಮೇಡಂ, ಆ ಹಸಿರು ಜಾಗ ನಮ್ಮೂರ ಸ್ಮಶಾನ."

"ಏನಂದ್ರಿ?"

"ನಮ್ಮ ಕಡೆ ಸ್ಮಶಾನದ ಮರ ಕಡಿಯಲ್ಲ. ಅಂಗಳದ ಹಣ್ಣಿನ ಮರ ಬಿಟ್ರೆ ಬೇರೆ ಮರ ಎಲ್ಲ ಇದ್ದಿಲಾಗಿ ರಸ್ತೆಬದಿಯಲ್ಲಿ ಮಾರಾಟ ಆಗಿಹೋಯ್ತು. ಉಳಿದಿರೋ ತೋಪು ಅದೊಂದೇ. ಮಣ್ಣು ಮಾಡೋ ದಿನ ಬಿಟ್ರೆ ಒಳಗೆ ಯಾರೂ ಕಾಲಿಡಲ್ಲ. ಸೌದೆ ಆಯೋಕೂ ಹೋಗಲ್ಲ. ನೆರೆ ಬಂದಾಗ ಅಲ್ಲಿಗೆ ಓಡಿ ಅಂದ್ರೆ ಜನ ಮನೆ ಚಾವಣಿ ಹತ್ತಿ ಕೂರ್ತಾರೆ, ಅಲ್ಲಿಗೆ ಹೋಗಲ್ಲ."

ನನ್ನ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ ಇರುವುದು. "ನಿನ್ನೆ ಬಾಯಿಗೆ ಏನಾಗಿತ್ತು ನಿಮಗೆ? ಚೆನ್ನಾಗಿದೆ ಅಂದ್ರಲ್ಲಾ!"

"ನೀವು ಅಷ್ಟು ಸಂತೋಷವಾಗಿ ತೋರಿಸ್ತಿದ್ರಿ. ಊಟದ ಹೊತ್ತಲ್ಲಿ ಬಡಿಸಿದವರ ಕೈಯಡುಗೆಗೆ ಹೆಸರಿಡೋಕಾಗತ್ತಾ?" ಎಂದರು. ಅವರಲ್ಲಿ ಹಾಗೆ. ನಮ್ಮಲ್ಲೂ ಹಾಗೇ ಅಲ್ಲವೇ? ನನ್ನ ಸಿಟ್ಟು ಅಲ್ಲಿಗೇ ನಿಂತುಹೋಯಿತು.

ಮೈಸೂರಿನವಳು ಒಂದೊಂದೇ ದಿಬ್ಬವನ್ನು ಉಪಗ್ರಹದ ಚಿತ್ರದ ಮೇಲೆ ಇಟ್ಟು ನೋಡತೊಡಗಿದಳು. ನಾವು ಹುಡುಕಿಕೊಂಡ ಬಹುಪಾಲು ದಿಬ್ಬಗಳೂ ಬೋಳು ಬಯಲಿನ ನಡುವೆ ಒಂಟಿಯಾಗಿ ನಿಂತ ಗುಂಡನೆಯ ತೋಪುಗಳು. ಮನೆ ಇರಬಾರದು, ಹೊಲ ಇರಬಾರದು, ಊರಿಗೆ ಹತ್ತಿರ ಇರಬೇಕು. ಸ್ಮಶಾನಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನಾವೇ ಕೂತು ಬರೆದರೂ ಬರುತ್ತಿರಲಿಲ್ಲ. ಅಯ್ಯೋ ನಮ್ಮ ಕರ್ಮವೇ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು.

ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಸೆನ್ಸೇ, ಅಂದರೆ ಗುರುಗಳೇ, ಎಂದು ಕರೆಯುತ್ತೇವೆ. ಅರವತ್ತು ದಾಟಿದವರು, ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅವರು ಟೋಕಿಯೋದ ರೈಲು ಹಿಡಿಯಲು ಕೋಟು ಹಾಕಿಕೊಳ್ಳುತ್ತಿದ್ದಾಗ ನಾನು ಒಳಗೆ ನುಗ್ಗಿ ವಿಷಯ ಹೇಳಿದೆ. ಅವರು ಕೋಟಿನ ಒಂದು ತೋಳು ಹಾಕಿಕೊಂಡೇ ಕೇಳಿಸಿಕೊಂಡರು.

"ನನ್ನ ತಾಯಿಯ ಊರು ಸಮುದ್ರದ ದಂಡೆಯಲ್ಲಿದೆ," ಎಂದರು. "ಸುನಾಮಿ ಬಂದಾಗ ಅವರು ಉಳಿದಿದ್ದು ದೇವಸ್ಥಾನದ ಹಿಂದಿನ ಸ್ಮಶಾನಕ್ಕೆ ಹತ್ತಿದ್ದರಿಂದ. ಅಜ್ಜ ಅಜ್ಜಿಯ ಸಮಾಧಿ ಹಿಡ್ಕೊಂಡು ರಾತ್ರಿ ಕಳೆದರಂತೆ. ಪೂರ್ವಿಕರು ಎತ್ತರದಲ್ಲಿ ಮಲಗಿರ್ತಾರೆ, ನಮ್ಮನ್ನ ಕಾಯ್ತಾರೆ. ನೀರು ಬಂದಾಗ ಮನುಷ್ಯ ಎಲ್ಲಿಗಾದರೂ ಹತ್ತುತ್ತಾನೆ."

ಜಪಾನಿನ ಸ್ಮಶಾನಗಳು ಇರುವುದೇ ಬೆಟ್ಟದ ಮಗ್ಗುಲಲ್ಲಿ. ಅದಕ್ಕೇ ನಮ್ಮ ಕೇಂದ್ರದಲ್ಲಿ ಯಾರಿಗೂ, ಸ್ಮಶಾನ ದಿಬ್ಬದ ಮೇಲಿದೆ ಎಂದರೆ ವಿಚಿತ್ರ ಅನ್ನಿಸುವುದೇ ಇಲ್ಲ. ಸೆನ್ಸೇ ಹೊರಡುವಾಗ, "ಊರಿನ ಹಿರಿಯರ ಜೊತೆ ಮಾತಾಡಿಸೋಣ, ಅವರು ಒಪ್ಪಿದರೆ ಜನ ಒಪ್ಪುತ್ತಾರೆ. ಮುದ್ರಣ ನಡೆಯಲಿ," ಎಂದರು. ಮುದ್ರಣ ಅಂದೇ ಮಧ್ಯಾಹ್ನದ ಮೇಲೆ ಶುರುವಾಗುವುದಿತ್ತು.

ಅವರ ಮಾತಿನಲ್ಲೂ ನ್ಯಾಯ ಇತ್ತು, ಅದೇ ನನಗೆ ಹಿಂಸೆ. ಅಧಿಕಾರಿಯನ್ನು ಕೂರಿಸಿಕೊಂಡು, "ಅಕ್ಕನಿಗೆ ಫೋನ್ ಮಾಡಿ. ಹಿರಿಯರು ಒಪ್ತಾರಾ ಕೇಳಿ. ಜೀವ ಉಳಿಯತ್ತೆ ಅಂದ್ರೆ ಒಂದು ರಾತ್ರಿ ಸ್ಮಶಾನದಲ್ಲಿ ಕೂತ್ರೆ ಏನಾಯ್ತು?" ಎಂದೆ. ನಮಗೆ ಮಧ್ಯಾಹ್ನವಾದರೆ ಅವರಿಗೆ ಬೆಳಿಗ್ಗೆ. ವಾಟ್ಸಾಪಿನಲ್ಲಿ ಅಕ್ಕನ ಧ್ವನಿ ಬಂತು, ಹಿಂದೆ ಕೋಳಿಗಳ ಗಲಾಟೆ. ಅಕ್ಕ ಅಲ್ಲಿಯ ಚಿಚೆವಾ ಭಾಷೆಯಲ್ಲಿ ಮಾತಾಡುತ್ತಾ ಹೋದರು, ತಮ್ಮ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಇದ್ದಕ್ಕಿದ್ದಂತೆ ಆ ಕಡೆಯಿಂದ ಗೊಳ್ಳೆಂದು ನಗು ಕೇಳಿಸಿತು.

"ಏನಂತೆ?"

"ಯಾವ ದಿಬ್ಬ ಅಂತ ಕೇಳ್ತಿದಾಳೆ."

"ಸ್ಮಶಾನದ ದಿಬ್ಬ ಅನ್ನಿ."

ಅವರು ಹೇಳಿದರು. ಅಕ್ಕ ಮತ್ತೆ ನಕ್ಕು, ಆಮೇಲೆ ನಗು ನಿಲ್ಲಿಸಿ ಉದ್ದಕ್ಕೆ ಏನೋ ಹೇಳಿದರು. ಕೇಳುತ್ತಾ ಕೇಳುತ್ತಾ ತಮ್ಮ ಹಾಳೆಯ ಹಸಿರು ಜಾಗದ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆ ತೆಗೆದರು.

"ಅಲ್ಲಿ ದಿಬ್ಬ ಇಲ್ವಂತೆ ಮೇಡಂ. ನಾನು ಚಿಕ್ಕಂದಿನಲ್ಲಿ ದೂರದಿಂದ ಮರ ನೋಡಿದ್ದೇ ಹೊರತು ಒಳಗೆ ಹೋದವನಲ್ಲ, ನಕ್ಷೆ ಹೇಳಿದ್ದನ್ನೇ ನಂಬಿಬಿಟ್ಟೆ. ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮನ್ನ ಮಣ್ಣು ಮಾಡುವಾಗ ಗುಂಡಿಗೆ ನೀರು ಬಂತಂತೆ. ಬಕೆಟ್ಟಲ್ಲಿ ಎತ್ತಿ ಎತ್ತಿ ಹೊರಗೆ ಸುರಿದ್ರೂ ಮತ್ತೆ ತುಂಬ್ತಿತ್ತಂತೆ. ಕೊನೆಗೆ ನೀರಲ್ಲೇ ಇಳಿಸಿದ್ರಂತೆ."

ಎತ್ತರದ ನೆಲದಲ್ಲಿ ತೋಡಿದ ಗುಂಡಿಗೆ ಹಾಗೆ ನೀರು ಬರುವುದಿಲ್ಲ. ಮೈಸೂರಿನವಳ ಕಡೆ ತಿರುಗಿದೆ. ಅವಳಿಗೆ ನಾನು ಬಾಯಿ ಬಿಡುವ ಮೊದಲೇ ಅರ್ಥವಾಗಿತ್ತು.

"ಅಕ್ಕ, ಮರ!" ಎಂದಳು. "ನಾವು ಅಳೆದಿರೋದು ಮರದ ತಲೆ!"

ಉಪಗ್ರಹ ಮೇಲಿಂದ ಚಿತ್ರ ತೆಗೆದು ಎತ್ತರ ಲೆಕ್ಕ ಹಾಕುವಾಗ ಅದಕ್ಕೆ ಕಾಣುವುದು ಎಲೆಯ ಮೇಲ್ಭಾಗವೇ ಹೊರತು ಬುಡದ ನೆಲವಲ್ಲ. ಇದು ಗೊತ್ತಿಲ್ಲದ ವಿಷಯವೇನಲ್ಲ. ಕಾಡು ಇರುವ ಕಡೆ ಮರದ ಎತ್ತರವನ್ನು ಕಳೆಯುವ ಪದ್ಧತಿ ಇದೆ, ನಾವೂ ಕಳೆದಿದ್ದೆವು. ಆದರೆ ಎಲ್ಲಿ ಕಾಡಿದೆ ಎಂದು ಹೇಳುವ ನಕ್ಷೆಯ ಚೌಕಗಳು ದೊಡ್ಡವು. ಸ್ಮಶಾನದ ತೋಪು ಅದರ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು. ಎಲ್ಲ ಮರ ಕಡಿದ ಬಯಲಿನಲ್ಲಿ ಸತ್ತವರ ಮೇಲಿನ ಗೌರವಕ್ಕೆ ಉಳಿದುಕೊಂಡ ನಾಲ್ಕು ಮರಗಳನ್ನು ನಾವು ಗುಡ್ಡ ಮಾಡಿಬಿಟ್ಟಿದ್ದೆವು. ನಮ್ಮ ಮಾತು ನಂಬಿ ಜನ ಹೆದರಿಕೆ ನುಂಗಿಕೊಂಡು ಅಲ್ಲಿಗೆ ಓಡಿದರೆ, ನೀರು ನಿಲ್ಲುವ ತಗ್ಗಿಗೇ ಓಡಿದಂತೆ.

ಆದರೂ ಒಂದು ಫೋನಿನ ಮಾತನ್ನು ಹಿಡಿದುಕೊಂಡು ಮುದ್ರಣ ನಿಲ್ಲಿಸಲಾಗುವುದಿಲ್ಲ. ಸಾಕ್ಷಿ ಬೇಕಿತ್ತು. ಲೇಸರ್ ಬೆಳಕು ಬಿಟ್ಟು ಎತ್ತರ ಅಳೆಯುವ ಇನ್ನೊಂದು ಬಗೆಯ ಉಪಗ್ರಹವಿದೆ. ಅದರ ಬೆಳಕು ಎಲೆಗಳ ಸಂದಿಯಲ್ಲಿ ತೂರಿ ನೆಲವನ್ನೂ ಮುಟ್ಟಿ ಬರುತ್ತದೆ. ಆದರೆ ಅದು ಇಡೀ ನೆಲವನ್ನು ನೋಡುವುದಿಲ್ಲ, ದಾರ ಎಳೆದಂತೆ ಗೆರೆಗುಂಟ ಹೋಗುತ್ತದೆ. ನಮ್ಮ ತೋಪುಗಳಲ್ಲಿ ಯಾವುದಾದರೂ ಒಂದರ ಮೇಲೆ ಆ ಗೆರೆ ಹಾದಿರಬೇಕಿತ್ತು. ಮೈಸೂರಿನವಳು ಒಂದಾದ ಮೇಲೊಂದು ಗೆರೆ ಇಳಿಸಿಕೊಂಡು ನೋಡಿದಳು. ಇದು ಪಕ್ಕಕ್ಕೆ ಹೋಗಿದೆ, ಇದರ ದಿನ ಮೋಡ, ಇದೂ ಪಕ್ಕಕ್ಕೆ. ನಾನು ಅವಳ ಬೆನ್ನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ. ಸೆನ್ಸೇಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಟೋಕಿಯೋದಲ್ಲಿ ಹಣ ಕೊಡುವವರ ಮುಂದೆ ಇದೇ ನಕ್ಷೆಗಳ ಬಗ್ಗೆ ಮಾತಾಡುತ್ತಿದ್ದರೋ ಏನೋ.

"ಸಿಕ್ತು," ಎಂದಳು ಕೊನೆಗೆ. ಅವಳ ಧ್ವನಿಯಲ್ಲಿ ಸಿಕ್ಕ ಸಂತೋಷ ಇರಲಿಲ್ಲ.

ಪರದೆಯ ಮೇಲೆ ಚುಕ್ಕಿಗಳು ಎರಡು ಸಾಲಾಗಿ ಇದ್ದವು. ಹೊಲದ ಮೇಲೆ ಒಂದೇ ಸಾಲು, ತೋಪು ಬಂದಲ್ಲಿ ಕವಲೊಡೆದು ಎರಡು. ಮೇಲಿನದು ಎಲೆ, ಕೆಳಗಿನದು ನೆಲ. ನೆಲದ ಸಾಲು ಏರಲೇ ಇಲ್ಲ. ಹೊಲಕ್ಕಿಂತ ಚೂರು ಕೆಳಗೇ ಇಳಿದು, ತೋಪು ದಾಟಿ ಮತ್ತೆ ಮೇಲೆ ಬಂತು.

ಮಲಾವಿಯ ಅಧಿಕಾರಿ ಅದನ್ನು ನೋಡಿ ಗೋಡೆಯ ಗಡಿಯಾರದ ಕಡೆ ತಿರುಗಿದರು. "ಮುದ್ರಣ?" ಎಂದರು, ಅಷ್ಟೇ.

ಈಗ ಜಪಾನಿನ ಕಚೇರಿಯ ವಿಷಯ ಒಂದು ಮಾತು ಹೇಳಬೇಕು. ಇಲ್ಲಿ ಒಂದು ಕಾಗದ ಹೊರಬೀಳಬೇಕಾದರೆ ಕೆಳಗಿನವರಿಂದ ಶುರುವಾಗಿ ಒಬ್ಬೊಬ್ಬರೇ ತಮ್ಮ ಹೆಸರಿನ ಪುಟ್ಟ ಮುದ್ರೆ ಒತ್ತುತ್ತಾ ಹೋಗಬೇಕು, ಕೊನೆಗೆ ದೊಡ್ಡವರು ಒತ್ತುತ್ತಾರೆ. ಒತ್ತಿದ ಮೇಲೆ ಮುಗಿಯಿತು. ನಡುವೆ ಒಬ್ಬಳು ಎದ್ದು ನಿಲ್ಲಿಸಿ ಅಂದರೆ ಅಷ್ಟೂ ಜನರ ಮುದ್ರೆಗೆ ಮಸಿ ಬಳಿದಂತೆ. ನಾನು ವರ್ಷವರ್ಷಕ್ಕೂ ಒಪ್ಪಂದ ನವೀಕರಿಸಿಕೊಳ್ಳುವ ನೌಕರಳು. ಮೈಸೂರಿನವಳು ಮೆಲ್ಲಗೆ, "ಅಕ್ಕ, ಸೆನ್ಸೇ ಫೋನ್ ಆನ್ ಮಾಡೋವರೆಗೂ ಕಾಯೋಣ್ವಾ? ನಿಮ್ ಕಾಂಟ್ರ್ಯಾಕ್ಟ್..." ಎಂದಳು.

"ಅಷ್ಟೊತ್ತಿಗೆ ಅರ್ಧ ಮುದ್ರಣ ಆಗಿರತ್ತೆ ಕಣೇ. ಆದ ಮೇಲೆ ಸುಡೋಕೆ ಯಾರಿಗೂ ಮನಸ್ಸು ಬರಲ್ಲ. ಹಿರಿಯರನ್ನ ಒಪ್ಪಿಸೋಣ, ಮುಂದಿನ ವರ್ಷ ತಿದ್ದೋಣ ಅಂತಾರೆ. ಆಮೇಲೆ ಗೋಡೆಗೆ ಅಂಟಿಸಿಬಿಡ್ತಾರೆ."

ಮುದ್ರಣಾಲಯಕ್ಕೆ ಫೋನ್ ಹಚ್ಚಿದೆ. ನನ್ನ ಜಪಾನಿ ಭಾಷೆ ಹೆದರಿದಾಗ ಇನ್ನಷ್ಟು ಕೆಟ್ಟದಾಗುತ್ತದೆ. ಸುಮಿಮಾಸೆನ್, ಕ್ಷಮಿಸಿ ಎಂದು ನಾಲ್ಕು ಸಲ ಅಂದ ಮೇಲೆ ವಿಷಯಕ್ಕೆ ಬಂದೆ. ಯಂತ್ರ ಆಗಲೇ ಬಣ್ಣ ಹದ ಮಾಡಿಕೊಳ್ಳುತ್ತಿತ್ತಂತೆ. ಆ ಕಡೆಯ ಮನುಷ್ಯ ಬಹಳ ವಿನಯದಿಂದ, ಇದು ಯಾರ ಆದೇಶ ಎಂದು ಬರೆದುಕೊಳ್ಳಲಿ ಎಂದು ಕೇಳಿದ. ಒಂದು ಉಸಿರು ತೆಗೆದುಕೊಂಡು ನನ್ನ ಹೆಸರು ಹೇಳಿದೆ. ಇನ್ನು ಯಾರ ಹೆಸರು ಸೇರಿಸಲಿ ಎಂದ. ಇಷ್ಟೇ ಸಾಕು ಎಂದೆ. ಧೈರ್ಯಗೀರ್ಯ ಏನೂ ಅಲ್ಲ, ಭಯ. ನನಗೆ ಆ ಬಕೆಟ್ಟುಗಳು ಕಣ್ಣಿಗೆ ಕಟ್ಟಿದ್ದವು.

ಮರುದಿನ ಸೆನ್ಸೇ ನೇರ ನನ್ನ ಮೇಜಿಗೆ ಬಂದರು. ಸುತ್ತ ಎಲ್ಲರೂ ಕೀಬೋರ್ಡ್ ಕುಟ್ಟುವುದನ್ನು ನಿಲ್ಲಿಸಿದರು. ನಾನು ಎದ್ದು ತಲೆ ಬಗ್ಗಿಸಿ ಕ್ಷಮೆ ಕೇಳಿ, ಎರಡು ಸಾಲು ಚುಕ್ಕಿಗಳ ಚಿತ್ರ ತೋರಿಸಿ, ಗುಂಡಿಗೆ ನೀರು ಬಂದ ಕಥೆ ಹೇಳಿದೆ. ಅವರು ಚಿತ್ರವನ್ನು ಎಷ್ಟು ಹೊತ್ತು ನೋಡಿದರೆಂದರೆ, ಇವರು ಬೈದುಬಿಟ್ಟರೆ ಸಾಕಪ್ಪಾ ಅನ್ನಿಸಿತು.

"ಹಾಗಾದರೆ ಆ ಊರಿನವರು ಎಲ್ಲಿಗೆ ಹೋಗಬೇಕು?" ಎಂದರು.

ಮುದ್ರಣ ನಿಲ್ಲಿಸುವುದು ಸುಲಭವಾಗಿತ್ತು, ಇದು ಹಾಗಲ್ಲ. ನಾವು ನಾಲ್ವರೂ ಕೂತು ಆ ಹಳ್ಳಿಯ ಸುತ್ತ ಇಂಚಿಂಚು ನೋಡಿದೆವು. ಎತ್ತರದ ಜಾಗ ಎಲ್ಲೂ ಇಲ್ಲ. ಇದ್ದಿದ್ದು ದೂರದಲ್ಲಿ ಏರಿ ಹಾಕಿ ಕಟ್ಟಿದ ಡಾಂಬರು ರಸ್ತೆ ಒಂದೇ. ಅಲ್ಲಿಗೆ ಹೋಗಲು ನಡುವೆ ಒಂದು ಹಳ್ಳ ದಾಟಬೇಕು, ಅದು ನದಿಗಿಂತ ಮೊದಲೇ ತುಂಬುತ್ತದೆ. ಅಂದರೆ ಊರೊಳಗೆ ನೀರು ಕಾಣುವ ಮುಂಚೆಯೇ, ಬಿಸಿಲಿದ್ದರೂ ಸರಿ, ಮನೆ ಬಿಟ್ಟು ಹೊರಡಬೇಕು. ಬೇರೆ ಊರುಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಹಾಳೆಯ ಮೇಲೆ ಹಸಿರು ಬಣ್ಣ ಅಳಿಸಿ, "ಈ ಊರಿನಲ್ಲಿ ಎತ್ತರದ ಜಾಗ ಇಲ್ಲ. ಹಳ್ಳ ತುಂಬುವ ಮೊದಲೇ ರಸ್ತೆಗೆ ಹೊರಡಿ" ಎಂದು ಅವರ ಭಾಷೆಯಲ್ಲಿ ದಪ್ಪಕ್ಕೆ ಬರೆಯಬೇಕು ಎಂದೆ.

"ಆಶ್ರಯ ತಾಣದ ನಕ್ಷೆ ಮಾಡಿ ಅಂತ ಹಣ ಕೊಟ್ಟವರಿಗೆ, ತಾಣ ಇಲ್ಲ ಅಂತ ಬರೆದ ನಕ್ಷೆ ಕಳಿಸೋದು," ಎಂದು ಸೆನ್ಸೇ ತಮಗೆ ತಾವೇ ಹೇಳಿಕೊಂಡರು. ಹೊಸ ಕಡತಕ್ಕೆ ಮತ್ತೆ ಎಲ್ಲರ ಮುದ್ರೆ ಬೀಳಬೇಕಿತ್ತು. ಕೆಳಗಿನವರು ಹೆದರಿ ತಡ ಮಾಡಿದರೆ ಮಳೆಗಾಲ ಹಿಡಿಯುತ್ತಿತ್ತು. ಸೆನ್ಸೇ ಕಡತದ ಮೇಲೆ ಲಗತ್ತಿಸುವ ಮುದ್ರೆಗಳ ಹಾಳೆ ತರಿಸಿ, ಖಾಲಿ ಚೌಕಗಳ ಸಾಲಿನ ಕೊನೆಯಲ್ಲಿದ್ದ ತಮ್ಮ ಜಾಗದಲ್ಲಿ ಮೊದಲು ತಾವೇ ಮುದ್ರೆ ಒತ್ತಿದರು. ದೊಡ್ಡವರದು ಬಿದ್ದ ಮೇಲೆ ಚಿಕ್ಕವರು ಹಿಂಜರಿಯುವುದೇನಿದೆ? ಇಷ್ಟು ವರ್ಷದಲ್ಲಿ ಅಂಥದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಸಂಜೆಯೊಳಗೆ ಕಡತ ಮುದ್ರಣಾಲಯಕ್ಕೆ ಹೋಯಿತು.

ಹಾಳೆಗಳು ತಲುಪಿದವು, ಗೋಡೆ ಏರಿದವು. ಅಕ್ಕನದು ಮಾತ್ರ ಫೋನಿನಲ್ಲಿ ತಮ್ಮನ ಜೊತೆ ಜಗಳ. ಬಿಸಿಲಲ್ಲಿ ಮನೆ ಬಿಟ್ಟು ಹೋದರೆ ಜೋಳದ ಕಣಜ ಕಾಯುವವರು ಯಾರು, ಆಡುಗಳನ್ನು ಯಾರು ನೋಡುತ್ತಾರೆ, ಗಂಡ ಬೇಕಾದರೆ ಹೋಗಲಿ, ಅವನದೇನು ಗಂಟು ಹೋಗುತ್ತದೆ, ಮನೆ ನನ್ನದು ಎಂದು ವಾದ. ತಮ್ಮ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನಗೆ ತಲೆ ಕೆಟ್ಟು, "ಕೊಡಿ ಇಲ್ಲಿ ಫೋನು" ಎಂದು ಕಸಿದುಕೊಂಡು, ಅವರಿಗೆ ಅರ್ಥವಾಗುವುದಿಲ್ಲವೆಂದು ಗೊತ್ತಿದ್ದೂ ಕನ್ನಡದಲ್ಲೇ, "ತಾಯೀ, ದಮ್ಮಯ್ಯ ಅಂತೀನಿ, ಹೊರಟುಬಿಡ್ರೀ" ಎಂದು ಕೂಗಿದೆ.

ಚಂಡಮಾರುತ ಕರಾವಳಿ ದಾಟಿತೆಂದು ಸುದ್ದಿ ಬಂದ ದಿನದಿಂದ ಅಕ್ಕನಿಗೆ ಫೋನ್ ಹೋಗಲಿಲ್ಲ. ಅಲ್ಲಿ ಕರೆಂಟಿಲ್ಲ, ಟವರ್ ಬಿದ್ದಿದೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಮೋಡದ ಮೂಲಕವೂ ನೋಡಬಲ್ಲ ರೇಡಾರ್ ಚಿತ್ರ ಬಂತು. ಆ ಊರಿದ್ದ ಕಡೆ ಕಪ್ಪು ನೀರು, ಅದರ ನಡುವೆ ಸ್ಮಶಾನದ ತೋಪು ಬೆಳ್ಳಗೆ ಒಂದು ಚುಕ್ಕಿ. ಮರಗಳ ಬುಡದಲ್ಲಿ ನೀರಿದ್ದರೆ ರೇಡಾರಿನಲ್ಲಿ ಹಾಗೆ ಹೊಳೆಯುತ್ತದೆ. ಅಧಿಕಾರಿ ಅದನ್ನು ನೋಡಿ ಕಿಟಕಿಯ ಕಡೆ ತಿರುಗಿ ನಿಂತರು. ಮೈಸೂರಿನವಳು ಚಹಾ ತಂದಿಟ್ಟಳು, ಅದು ಹಾಗೇ ಆರಿತು. ಸೆನ್ಸೇ ಬಾಗಿಲಲ್ಲಿ ಬಂದು ನಿಂತು ಹೋಗುವುದು, ಮತ್ತೆ ಬಂದು ನಿಲ್ಲುವುದು ಮಾಡುತ್ತಿದ್ದರು.

ಆಮೇಲೊಂದು ಮಧ್ಯಾಹ್ನ ಅಧಿಕಾರಿಯ ಫೋನಿಗೆ ಯಾರದೋ ನಂಬರಿನಿಂದ ಧ್ವನಿ ಸಂದೇಶ ಬಂತು. ಅವರು ಫೋನನ್ನು ಮೇಜಿನ ಮೇಲಿಟ್ಟರು, ಮೈಸೂರಿನವಳೇ ಒತ್ತಿದಳು. ಮಳೆಯ ಸದ್ದು, ಮಕ್ಕಳ ಅಳು, ಆಡಿನ ಅರಚು. ಅದರ ಮೇಲೆ ಅಕ್ಕನ ಧ್ವನಿ, ಯಾರನ್ನೋ ಗದರಿಸುತ್ತಾ, ಉಸಿರು ಬಿಡದೆ. ತಮ್ಮ ಕೇಳುತ್ತಾ ಕೇಳುತ್ತಾ ಬಾಯಿಗೆ ಕೈ ಅಡ್ಡ ಹಿಡಿದರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ನಾನು ಅವರ ತೋಳು ಹಿಡಿದು ಅಲ್ಲಾಡಿಸಿದೆ.

"ಏನಂತೆ? ಎಲ್ಲಿದಾರೆ? ಹೇಳ್ರೀ!"

"ರಸ್ತೆ ಮೇಲಿದಾರೆ. ಇಡೀ ಊರು ರಸ್ತೆ ಮೇಲಿದೆ," ಎಂದರು. "ನಿಮಗೆ ಹೇಳೋಕೆ ಹೇಳಿದಾಳೆ ಮೇಡಂ. ಇಷ್ಟು ಜನ ಹೆಂಗಸರು ಇಲ್ಲಿ ಎರಡು ಹಗಲು ಕೂತಿದೀವಿ, ಬಯಲ್ಕಡೆಗೆ ಹೋಗೋಕೆ ಮರೆಗೆ ಒಂದು ಪೊದೆ ಕೂಡ ಇಲ್ಲ. ನಾವು ಎಲ್ಲಿಗೆ ಹೋಗ್ಬೇಕು ಅಂತ ಆ ಕೂಗಾಡೋ ಹೆಂಗಸಿಗೆ ಕೇಳು, ಅವಳ ನಕ್ಷೆಯಲ್ಲಿ ಅದನ್ನ ಯಾಕೆ ಬರೆದಿಲ್ಲ, ಅಂತ ಬಯ್ತಿದಾಳೆ."